ಮನೆಯಲ್ಲಿ ಮಾಡುವ ರ‍್ಯಾಪಿಡ್ ಟೆಸ್ಟ್: ನೆಗೆಟಿವ್ ಬಂದರೆ ಎಷ್ಟು ನಂಬಬೇಕು?

2022ರ ಸಂಕ್ರಾಂತಿಗೆ ಎರಡು ದಿನ ಇರುವಾಗ ಸಂಜೆ ಹೊತ್ತಿಗೆ ನನಗೆ ಗಂಟಲು ಕೆರೆಯಲು ಶುರುವಾಯಿತು. ಕೋವಿಡ್‌ನ ಓಮಿಕ್ರಾನ್ ತಳಿ ಹರಡುತ್ತಿದ್ದ ದಿನಗಳು. ಮೆಡಿಕಲ್ ಶಾಪ್‌ನಿಂದ ಎರಡು ಕೋವಿಡ್ ಟೆಸ್ಟ್ ಕಿಟ್ ತಂದು ಆ ರಾತ್ರಿಯೇ ಒಂದನ್ನು ಮಾಡಿಕೊಂಡೆ. ಒಂದೇ ಗೆರೆ ಬಂತು. ಸದ್ಯ, ಬರೀ ಶೀತ ಅಂದುಕೊಂಡು ಮರುದಿನ ಬಸ್ ಹತ್ತಿ ಊರಿಗೆ ಹೋದೆ. ಅಮ್ಮನ ಜೊತೆ ಅಡುಗೆಮನೆಯಲ್ಲಿ ಕೂತು ಕೊಬ್ಬರಿ ಹೆಚ್ಚಿದೆ, ಬೆಲ್ಲ ಕತ್ತರಿಸಿದೆ, ಒಂದೇ ಡಬ್ಬಿಗೆ ಕೈ ಹಾಕಿ ಇಬ್ಬರೂ ಎಳ್ಳು ಬೆಲ್ಲ ತಿಂದೆವು. ಹಬ್ಬದ ದಿನ ಬೆಳಿಗ್ಗೆ ಮೈ ಬಿಸಿಯಾಗಿದೆ ಅನಿಸಿ ಉಳಿದಿದ್ದ ಇನ್ನೊಂದು ಕಿಟ್ ಬಿಚ್ಚಿದೆ. ಐದು ನಿಮಿಷ ಆಗುವ ಮೊದಲೇ ಎರಡನೇ ಗೆರೆ ಕಡು ಬಣ್ಣದಲ್ಲಿ ಮೂಡಿತ್ತು. ನಾಲ್ಕು ದಿನಕ್ಕೆ ಅಮ್ಮನಿಗೂ ಜ್ವರ. ಆಗ ಅಮ್ಮನಿಗೆ 68 ವರ್ಷ, ಸಕ್ಕರೆ ಕಾಯಿಲೆ ಬೇರೆ. ಪುಣ್ಯಕ್ಕೆ ಆಸ್ಪತ್ರೆಗೆ ಸೇರಿಸುವ ಹಾಗೆ ಆಗಲಿಲ್ಲ. ಆದರೆ ಆ ವಾರವಿಡೀ ಗಂಟೆಗೊಮ್ಮೆ ಅಮ್ಮನ ಬೆರಳಿಗೆ ಆಕ್ಸಿಮೀಟರ್ ಹಾಕಿ ಅಂಕಿ ನೋಡುತ್ತಾ ಕೂತಿದ್ದನ್ನು ಇವತ್ತಿಗೂ ಮರೆತಿಲ್ಲ.

ಕಿಟ್ ಸರಿಯಾಗೇ ಇತ್ತು. ನಾನು ಅದನ್ನು ಮಾಡಿದ ಹೊತ್ತು ಸರಿ ಇರಲಿಲ್ಲ, ಬಂದ ಉತ್ತರವನ್ನು ಓದಿದ್ದೂ ಸರಿ ಇರಲಿಲ್ಲ. ಈಗಲೂ ಮಳೆಗಾಲ ಬಂದರೆ, ಚಳಿ ಶುರುವಾದರೆ "ಟೆಸ್ಟ್ ಮಾಡಿದೆ ಕಣ್ರೀ, ನೆಗೆಟಿವ್, ಏನಿಲ್ಲ" ಅನ್ನುವ ಮಾತು ಕಿವಿಗೆ ಬೀಳುತ್ತಲೇ ಇರುತ್ತದೆ. ಅದಕ್ಕೇ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ.

ಆ ಪಟ್ಟಿಯಲ್ಲಿ ನಡೆಯುವುದೇನು

ಪ್ಲಾಸ್ಟಿಕ್ ಡಬ್ಬಿಯೊಳಗೆ ಇರುವುದು ಒಂದು ಕಾಗದದಂಥ ಪಟ್ಟಿ, ಪ್ರೆಗ್ನೆನ್ಸಿ ಕಿಟ್‌ನಲ್ಲಿ ಇರುತ್ತಲ್ಲ, ಅದೇ ಜಾತಿಯದು. ನೀವು ಹನಿ ಹಾಕಿದಾಗ ದ್ರವ ಪಟ್ಟಿಯ ಉದ್ದಕ್ಕೂ ಹೀರಿಕೊಂಡು ಹೋಗುತ್ತದೆ. ದಾರಿಯಲ್ಲಿ ಬಣ್ಣದ ಸಣ್ಣ ಕಣಗಳಿಗೆ ಅಂಟಿಸಿದ ಪ್ರತಿಕಾಯಗಳು (ಆಂಟಿಬಾಡಿ) ಇರುತ್ತವೆ. ವೈರಸ್‌ನ ಪ್ರೋಟೀನ್ ಸಿಕ್ಕರೆ ಅವು ಅದನ್ನು ಹಿಡಿದುಕೊಂಡು ಮುಂದೆ ಹೋಗುತ್ತವೆ, ಟಿ ಅನ್ನುವ ಜಾಗದಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಅಲ್ಲಿ ಗೆರೆ ಕಾಣುತ್ತದೆ. ಸಿ ಜಾಗದ ಗೆರೆಗೂ ವೈರಸ್‌ಗೂ ಸಂಬಂಧ ಇಲ್ಲ, ದ್ರವ ಅಲ್ಲಿತನಕ ಸರಿಯಾಗಿ ಹರಿದಿದೆ ಅನ್ನುವುದಕ್ಕೆ ಅದು ಗುರುತು ಅಷ್ಟೇ.

ಇಲ್ಲೊಂದು ವಿಷಯ ಗಮನಿಸಿ. ಪಟ್ಟಿಯ ಮೇಲೆ ಏನೂ ಹೆಚ್ಚಾಗುವುದಿಲ್ಲ, ನಿಮ್ಮ ಮೂಗಿನಿಂದ ಬಂದಷ್ಟೇ ಪ್ರೋಟೀನ್ ಅಲ್ಲಿರುವುದು. ಲ್ಯಾಬ್‌ನಲ್ಲಿ ಮಾಡುವ ಆರ್‌ಟಿ-ಪಿಸಿಆರ್ ಟೆಸ್ಟ್ ಹಾಗಲ್ಲ. ಅದು ವೈರಸ್‌ನ ಆರ್‌ಎನ್‌ಎಯನ್ನು ಡಿಎನ್‌ಎ ಮಾಡಿಕೊಂಡು, ಅದನ್ನು ಮತ್ತೆ ಮತ್ತೆ ದುಪ್ಪಟ್ಟು ಮಾಡುತ್ತಾ ಹೋಗುತ್ತದೆ, ಹಾಗಾಗಿ ಚೂರೇ ಚೂರು ಇದ್ದರೂ ಅದಕ್ಕೆ ಗೊತ್ತಾಗುತ್ತದೆ. ಒಂದು ಕೊಡ ನೀರಿಗೆ ಚಿಟಿಕೆ ಉಪ್ಪು ಹಾಕಿ ನಾಲಿಗೆಗೆ ಬಿಟ್ಟುಕೊಂಡರೆ ಸಪ್ಪೆ ಅಂತಲೇ ಅನ್ನಿಸುವುದು. ಉಪ್ಪು ಇಲ್ಲ ಅಂತಲ್ಲ, ನಾಲಿಗೆಗೆ ಸಿಗುವಷ್ಟು ಇಲ್ಲ. ರ‍್ಯಾಪಿಡ್ ಟೆಸ್ಟ್ ಆ ನಾಲಿಗೆ ಇದ್ದ ಹಾಗೆ. ಮೊದಲ ಸಂಜೆ ನನ್ನ ಮೂಗಿನಲ್ಲಿ ಇದ್ದದ್ದು ಚಿಟಿಕೆ ಉಪ್ಪು.

ಅಂಕಿಗಳು ಏನು ಹೇಳುತ್ತವೆ

ಎರಡು ಪದ ಗೊತ್ತಿದ್ದರೆ ಸಾಕು. ಸೆನ್ಸಿಟಿವಿಟಿ ಅಂದರೆ ನಿಜವಾಗಿ ಸೋಂಕು ಇರುವ ನೂರು ಜನರಲ್ಲಿ ಎಷ್ಟು ಜನರನ್ನು ಟೆಸ್ಟ್ ಹಿಡಿಯುತ್ತದೆ ಅನ್ನುವುದು. ಸ್ಪೆಸಿಫಿಸಿಟಿ ಅಂದರೆ ಸೋಂಕು ಇಲ್ಲದ ನೂರು ಜನರಲ್ಲಿ ಎಷ್ಟು ಜನರಿಗೆ ಸರಿಯಾಗಿ "ಇಲ್ಲ" ಅನ್ನುತ್ತದೆ ಅನ್ನುವುದು.

ನಮ್ಮ ದೇಶದಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಕೋವಿಡ್‌ಗೆ ಮೊದಲ ರ‍್ಯಾಪಿಡ್ ಆಂಟಿಜೆನ್ (ವೈರಸ್‌ನ ಪ್ರೋಟೀನ್ ಹುಡುಕುವ) ಕಿಟ್ ಒಪ್ಪಿದ್ದು 2020ರ ಜೂನ್‌ನಲ್ಲಿ. ಎಸ್‌ಡಿ ಬಯೋಸೆನ್ಸರ್ ಕಂಪನಿಯ ಸ್ಟ್ಯಾಂಡರ್ಡ್ ಕ್ಯೂ. ಆಗ ಐಸಿಎಂಆರ್ ಮತ್ತು ದೆಹಲಿಯ ಏಮ್ಸ್ ಅದನ್ನು ಪರೀಕ್ಷಿಸಿ ಕೊಟ್ಟ ಅಂಕಿ ಹೀಗಿತ್ತು: ಸೆನ್ಸಿಟಿವಿಟಿ ಶೇ. 50.6ರಿಂದ 84, ಸ್ಪೆಸಿಫಿಸಿಟಿ ಶೇ. 99.3ರಿಂದ 100. ಅಂದರೆ "ಇದೆ" ಅಂದರೆ ಹೆಚ್ಚುಕಡಿಮೆ ಇದ್ದೇ ಇದೆ. "ಇಲ್ಲ" ಅಂದಾಗ ಮಾತ್ರ, ಕೆಟ್ಟ ಸಂದರ್ಭದಲ್ಲಿ, ಸೋಂಕಿತರಲ್ಲಿ ಅರ್ಧ ಜನರನ್ನು ಅದು ಬಿಟ್ಟಿರಬಹುದು. ಅದಕ್ಕೇ ಆಗಿನಿಂದಲೂ ನಿಯಮ ಒಂದೇ ಇತ್ತು: ರ‍್ಯಾಪಿಡ್‌ನಲ್ಲಿ ಪಾಸಿಟಿವ್ ಬಂದರೆ ಇನ್ನೊಂದು ಟೆಸ್ಟ್ ಬೇಡ, ಲಕ್ಷಣ ಇದ್ದೂ ನೆಗೆಟಿವ್ ಬಂದರೆ ಆರ್‌ಟಿ-ಪಿಸಿಆರ್ ಮಾಡಿಸಿ. 2021ರ ಮೇ ತಿಂಗಳಲ್ಲಿ ಪುಣೆಯ ಮೈಲ್ಯಾಬ್‌ನ ಕೋವಿಸೆಲ್ಫ್ ಕಿಟ್ 250 ರೂಪಾಯಿಗೆ ಮನೆಗೇ ಬಂದಾಗಲೂ ಐಸಿಎಂಆರ್ ಇದನ್ನೇ ಹೇಳಿತು. ಲಕ್ಷಣ ಇರುವವರು ಪಿಸಿಆರ್ ರಿಪೋರ್ಟ್ ಬರುವ ತನಕ ತಮಗೆ ಸೋಂಕು ಇದೆ ಅಂತಲೇ ತಿಳಿದು ಬೇರೆ ಇರಬೇಕು ಅಂತಲೂ ಹೇಳಿತ್ತು. ಆ ಸಾಲನ್ನು ನಮ್ಮಲ್ಲಿ ಎಷ್ಟು ಜನ ಓದಿದ್ದೆವು? ನಾನಂತೂ ಓದಿರಲಿಲ್ಲ.

ಇನ್ನೂ ಮುಖ್ಯವಾದದ್ದು ದಿನದ ಲೆಕ್ಕ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಹಾಕಿ ತೂಗುವ ಕಾಕ್ರೇನ್ ಸಂಸ್ಥೆ 2021ರ ಮಾರ್ಚ್‌ನಲ್ಲಿ ಈ ಕಿಟ್‌ಗಳ ಬಗ್ಗೆ ವರದಿ ಕೊಟ್ಟಿತು. ಸೆನ್ಸಿಟಿವಿಟಿ ಲಕ್ಷಣ ಇರುವವರಲ್ಲಿ ಸರಾಸರಿ ಶೇ. 72, ಲಕ್ಷಣ ಇಲ್ಲದವರಲ್ಲಿ ಶೇ. 58. ಲಕ್ಷಣ ಶುರುವಾದ ಮೊದಲ ವಾರದಲ್ಲಿ ಶೇ. 78, ಎರಡನೇ ವಾರಕ್ಕೆ ಶೇ. 51ಕ್ಕೆ ಇಳಿಯುತ್ತದೆ. ಅದೇ ಕಿಟ್, ಅದೇ ಕಡ್ಡಿ, ಯಾವ ದಿನ ಮಾಡುತ್ತೀರಿ ಅನ್ನುವುದರ ಮೇಲೆ ಉತ್ತರ ಬೇರೆ.

ಇದನ್ನೇ ಮನುಷ್ಯರ ಲೆಕ್ಕಕ್ಕೆ ತಂದು ನೋಡೋಣ. ಊರಲ್ಲಿ ಕೋವಿಡ್ ಜೋರಾಗಿದೆ, ಕ್ಲಿನಿಕ್ ಮುಂದೆ ಕೆಮ್ಮುತ್ತಾ ಕೂತಿರುವ 100 ಜನರಲ್ಲಿ 30 ಜನರಿಗೆ ನಿಜವಾಗಿ ಇದೆ ಅಂತಿಟ್ಟುಕೊಳ್ಳಿ. ಶೇ. 72ರ ಲೆಕ್ಕದಲ್ಲಿ ಕಿಟ್ 22 ಜನರನ್ನು ಹಿಡಿಯುತ್ತದೆ, 8 ಜನರನ್ನು ಬಿಡುತ್ತದೆ. ನೆಗೆಟಿವ್ ಅಂತ ನಕ್ಕು ಮನೆಗೆ ಹೋಗುವ 78 ಜನರಲ್ಲಿ ಆ 8 ಜನ ಇದ್ದಾರೆ, ಸರಿಸುಮಾರು ಹತ್ತರಲ್ಲಿ ಒಬ್ಬರು. ಪಾಸಿಟಿವ್ ಬಂದವರದ್ದು ಮಾತ್ರ ಹೆಚ್ಚುಕಡಿಮೆ ಎಲ್ಲಾ ನಿಜ.

ಈಗ ಊರಲ್ಲಿ ಕೋವಿಡ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಇದೆ, ಮದುವೆಗೆ ಬರುವ ಆರೋಗ್ಯವಾಗಿರುವ 1000 ಜನರಿಗೆ ಸುಮ್ನೆ ಟೆಸ್ಟ್ ಮಾಡುತ್ತೀರಿ, ಅದರಲ್ಲಿ 5 ಜನರಿಗೆ ಮಾತ್ರ ಸೋಂಕು ಇದೆ ಅಂದುಕೊಳ್ಳಿ. ಕಿಟ್ 3 ಜನರನ್ನು ಹಿಡಿಯಬಹುದು. ಸ್ಪೆಸಿಫಿಸಿಟಿ ಶೇ. 99.6 ಇದ್ದರೂ ಉಳಿದ 995 ಜನರಲ್ಲಿ ಸುಮಾರು 4 ಜನರಿಗೆ ಸುಳ್ಳು ಪಾಸಿಟಿವ್ ಬರುತ್ತದೆ. ಏಳು ಪಾಸಿಟಿವ್, ಅದರಲ್ಲಿ ನಾಲ್ಕು ಸುಳ್ಳು! ಹಾಗಾಗಿ ಲಕ್ಷಣ ಇಲ್ಲ, ಮನೆಯಲ್ಲಿ ಯಾರಿಗೂ ಇಲ್ಲ, ಆದರೂ ಗೆರೆ ಬಂತು ಅಂದರೆ ಇನ್ನೊಂದು ಸಲ ಖಾತ್ರಿ ಮಾಡಿಕೊಳ್ಳಿ. ಮೈ ಕೈ ನೋವು, ಜ್ವರ, ಜೊತೆಗೆ ಪಕ್ಕದ ರೂಮಿನವರಿಗೂ ಪಾಸಿಟಿವ್ ಇದ್ದಾಗ ಗೆರೆ ಬಂದರೆ ಅನುಮಾನ ಪಡುವ ಅಗತ್ಯವೇ ಇಲ್ಲ.

ಯಾವಾಗ ಮಾಡಬೇಕು

ಜ್ವರ, ಗಂಟಲು ನೋವು ಶುರುವಾದ ಅದೇ ದಿನ ಒಂದು ಮಾಡಬಹುದು, ತಪ್ಪಿಲ್ಲ, ಪಾಸಿಟಿವ್ ಬಂದರೆ ಬೇಗ ಗೊತ್ತಾಯಿತಲ್ಲ. ನೆಗೆಟಿವ್ ಬಂದರೆ ಅದನ್ನು ಅರ್ಧ ಉತ್ತರ ಅಂತ ತಿಳಿಯಿರಿ, 48 ಗಂಟೆ ಬಿಟ್ಟು ಮತ್ತೆ ಮಾಡಿ. ಇದು ನನ್ನ ಸ್ವಂತ ಲೆಕ್ಕವಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರ ಆಗಸ್ಟ್‌ನಲ್ಲಿ ಇದನ್ನೇ ಹೇಳಿತು: ಲಕ್ಷಣ ಇದ್ದರೆ 48 ಗಂಟೆ ಅಂತರದಲ್ಲಿ ಎರಡು, ಲಕ್ಷಣ ಇಲ್ಲದೆ ಸೋಂಕಿತರ ಸಂಪರ್ಕಕ್ಕೆ ಬಂದಿದ್ದರೆ ಅದೇ ಅಂತರದಲ್ಲಿ ಮೂರು. ಒಂದೇ ದಿನ ಬೆಳಿಗ್ಗೆ ಒಂದು ಸಂಜೆ ಒಂದು ಮಾಡಿದರೆ ದುಡ್ಡು ದಂಡ, ಯಾಕೆಂದರೆ ಬೇಕಾಗಿರುವುದು ವೈರಸ್ ಬೆಳೆಯುವಷ್ಟು ಸಮಯ. ಅದಕ್ಕೇ ಕಿಟ್ ಕೊಳ್ಳುವಾಗ ಎರಡು ಕೊಳ್ಳಿ.

ಕಡ್ಡಿ ಹಾಕುವುದು ಹೇಗೆ

ನಾನು ಕಂಡ ತಪ್ಪುಗಳಲ್ಲಿ ಜಾಸ್ತಿ ಇಲ್ಲೇ ಆಗುವುದು, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲು ಬಾಕ್ಸ್ ಮೇಲಿನ ತಾರೀಕು ನೋಡಿ. ಅವಧಿ ಮುಗಿದಿದ್ದರೆ ಬೇಡ. (ಅಮೆರಿಕದಲ್ಲಿರುವ ನಮ್ಮವರು ಗಮನಿಸಿ: ಅಲ್ಲಿ ಕೆಲವು ಕಿಟ್‌ಗಳ ಅವಧಿಯನ್ನು ಎಫ್‌ಡಿಎ ಆಮೇಲೆ ಹೆಚ್ಚಿಸಿದೆ, ಬಾಕ್ಸ್ ಮೇಲೆ ಹಳೆಯ ತಾರೀಕೇ ಇರುತ್ತದೆ. ಅವರ ವೆಬ್‌ಸೈಟ್‌ನಲ್ಲಿ ಒಮ್ಮೆ ನೋಡಿ ಬಿಸಾಡಿ.) ಈ ಕಿಟ್‌ಗಳನ್ನು ಸಾಮಾನ್ಯವಾಗಿ 2ರಿಂದ 30 ಡಿಗ್ರಿಯೊಳಗೆ ಇಡಬೇಕು. ಏಪ್ರಿಲ್ ತಿಂಗಳಲ್ಲಿ ರಾಯಚೂರಲ್ಲೋ ಕಲಬುರಗಿಯಲ್ಲೋ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್‌ನಲ್ಲಿ ಬಿಟ್ಟ ಕಿಟ್ ಮೇಲೆ ಭರವಸೆ ಬೇಡ. ಫ್ರಿಜ್‌ನಲ್ಲಿ ಇಟ್ಟಿದ್ದರೆ ಹೊರಗೆ ತೆಗೆದು ತಣ್ಣಗಿರುವುದು ಹೋಗುವ ತನಕ ಕಾಯಿರಿ. ಒಳಗಿನ ಪಟ್ಟಿ ಇರುವ ಪೌಚನ್ನು ಮೊದಲೇ ಒಡೆದು ಇಟ್ಟುಕೊಳ್ಳಬೇಡಿ. ಮಂಗಳೂರು, ಕಾರವಾರದ ಮಳೆಗಾಲದ ಗಾಳಿಯ ತೇವಕ್ಕೆ ಪಟ್ಟಿ ಕೆಡುತ್ತದೆ.

ಸಿಂಬಳ ತೆಗೆದು ಮೂಗು ಸ್ವಚ್ಛ ಮಾಡಿಕೊಳ್ಳಿ. ಸಿಂಬಳ ತುಂಬಿದ್ದರೆ ಕಡ್ಡಿಗೆ ಬರೀ ನೀರು ಹತ್ತುತ್ತದೆ, ನಮಗೆ ಬೇಕಾಗಿರುವುದು ಒಳಗೋಡೆಗೆ ಅಂಟಿರುವುದು. ಕೈ ತೊಳೆದು ಒರೆಸಿಕೊಳ್ಳಿ. ಹತ್ತಿ ಕಡ್ಡಿಯ ಮೆತ್ತಗಿನ ತುದಿಯನ್ನು ಎಲ್ಲಿಗೂ ತಾಗಿಸದೆ ಹೊಳ್ಳೆಯೊಳಗೆ ಬಿಡಿ. ಎಷ್ಟು ಆಳ ಅನ್ನುವುದು ಕಿಟ್ ಜೊತೆ ಬಂದ ಚೀಟಿಯಲ್ಲಿ ಇರುತ್ತದೆ. ಕೋವಿಸೆಲ್ಫ್‌ನಲ್ಲಿ 2ರಿಂದ 4 ಸೆಂಟಿಮೀಟರ್, ಅಡ್ಡ ಬರುವ ತನಕ. ನೇರವಾಗಿ ಮೇಲಕ್ಕೆ ಹಣೆಯ ಕಡೆ ಚುಚ್ಚಬೇಡಿ, ಹಿಂದಕ್ಕೆ, ಅಂದರೆ ಕಿವಿಯ ಕಡೆಗೆ ಹೋಗುವ ಹಾಗೆ ಹಿಡಿಯಿರಿ. ಆಮೇಲೆ ಒಳಗೋಡೆಗೆ ಒತ್ತಿ ಐದು ಸುತ್ತು ತಿರುಗಿಸಿ. ಬೆರಳ ಮಧ್ಯೆ ಕಡ್ಡಿ ತಿರುಗಿದರೆ ಸಾಲದು, ತುದಿ ಗೋಡೆಗೆ ಉಜ್ಜಬೇಕು. ಕಣ್ಣಲ್ಲಿ ನೀರು ಬಂದರೆ, ಸೀನು ಬರುವ ಹಾಗಾದರೆ ಸರಿಯಾಗಿ ಮಾಡುತ್ತಿದ್ದೀರಿ ಅಂತ. ಅದೇ ಕಡ್ಡಿಯನ್ನು ಇನ್ನೊಂದು ಹೊಳ್ಳೆಗೂ ಹಾಕಿ, ಮತ್ತೆ ಐದು ಸುತ್ತು. ಜನ ಒಂದೇ ಹೊಳ್ಳೆಗೆ ತುದಿ ತೋರಿಸಿ ತೆಗೆದುಬಿಡುತ್ತಾರೆ, ಮಕ್ಕಳಿಗಂತೂ ಅಳುತ್ತಾರೆ ಅಂತ ಅರ್ಧಕ್ಕೇ ನಿಲ್ಲಿಸುತ್ತಾರೆ. ಹಾಗೆ ಮಾಡಿದ ಟೆಸ್ಟ್‌ನ ನೆಗೆಟಿವ್‌ಗೆ ಬೆಲೆ ಇಲ್ಲ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ತಲೆ ಎದೆಗೆ ಒರಗಿಸಿ ಹಿಡಿದು, ಇನ್ನೊಬ್ಬರು ಕಡ್ಡಿ ಹಾಕಿದರೆ ಕೆಲಸ ಬೇಗ ಮುಗಿಯುತ್ತದೆ.

ಕಡ್ಡಿಯನ್ನು ಟ್ಯೂಬ್‌ನ ದ್ರವಕ್ಕೆ ಅದ್ದಿ ಚೆನ್ನಾಗಿ ಅಲ್ಲಾಡಿಸಿ, ಟ್ಯೂಬನ್ನು ಹೊರಗಿನಿಂದ ಹಿಸುಕಿ ಹತ್ತಿಯಲ್ಲಿರುವುದನ್ನೆಲ್ಲ ಬಿಡಿಸಿ. ಹನಿ ಎಷ್ಟು ಅಂತ ಚೀಟಿ ಹೇಳುತ್ತದೋ ಅಷ್ಟೇ ಹಾಕಿ. ಎರಡು ಅಂದರೆ ಎರಡು. ಬರಲಿ ಅಂತ ನಾಲ್ಕು ಹಾಕಿದರೆ ಪಟ್ಟಿ ತೊಯ್ದು ಹೋಗಿ ಉತ್ತರ ಕೆಡುತ್ತದೆ. ಟ್ಯೂಬ್‌ನ ದ್ರವ ಬಿಟ್ಟು ಬೇರೆ ಏನನ್ನೂ ಹಾಕಬೇಡಿ. 2021ರಲ್ಲಿ ಇಂಗ್ಲೆಂಡಿನ ಸ್ಕೂಲ್ ಮಕ್ಕಳು ಪಟ್ಟಿಯ ಮೇಲೆ ಕೋಲಾ, ಹಣ್ಣಿನ ರಸ ಹಾಕಿ ಪಾಸಿಟಿವ್ ತರಿಸಿ ಸ್ಕೂಲಿಗೆ ರಜೆ ಹಾಕಿದ್ದು ಸುದ್ದಿಯಾಗಿತ್ತು. ಆ ಹುಳಿಗೆ ಪ್ರತಿಕಾಯಗಳು ಕೆಟ್ಟು ಗೆರೆಯ ಜಾಗದಲ್ಲಿ ಸುಮ್ನೆ ಅಂಟಿಕೊಳ್ಳುತ್ತವೆ, ಅಷ್ಟೇ.

ಡಬ್ಬಿ ಸಮತಟ್ಟಾದ ಜಾಗದಲ್ಲಿ ಇರಲಿ, ಮೊಬೈಲ್‌ನಲ್ಲಿ ಟೈಮರ್ ಇಡಿ. ಹೆಚ್ಚಿನ ಕಿಟ್‌ಗಳಿಗೆ 15 ನಿಮಿಷ. ಗೆರೆ ಬೇಗ ಬಂದರೆ ಅದು ಪಾಸಿಟಿವ್ವೇ, ಬಂದಿಲ್ಲ ಅಂದರೆ ಪೂರ್ತಿ 15 ನಿಮಿಷ ಕಾಯದೆ ನೆಗೆಟಿವ್ ಅನ್ನಬೇಡಿ. 20 ನಿಮಿಷ ದಾಟಿದ ಮೇಲೆ ನೋಡಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ರಾತ್ರಿ ಮಾಡಿಟ್ಟು ಬೆಳಿಗ್ಗೆ ಎದ್ದು ನೋಡಿದರೆ ಪಟ್ಟಿ ಒಣಗಿ ಇಲ್ಲದ ಗೆರೆಯೂ ಕಾಣುತ್ತದೆ.

ಗೆರೆ ಓದುವುದು

ಟಿ ಹತ್ತಿರ ಕಂಡೂ ಕಾಣದ ಹಾಗೆ ತೆಳು ಗೆರೆ ಇದೆ. ಕಿಟಕಿ ಹತ್ತಿರ ಹಿಡಿದು ನೋಡುತ್ತೀರಿ, ಗಂಡನಿಗೆ ತೋರಿಸುತ್ತೀರಿ, ಫೋಟೊ ತೆಗೆದು ಅಕ್ಕನಿಗೆ ಕಳಿಸುತ್ತೀರಿ. ಸಮಯದೊಳಗೆ ಮೂಡಿದ್ದು, ಬಣ್ಣ ಇದೆ ಅಂದರೆ ಅದು ಪಾಸಿಟಿವ್. ತೆಳು ಅಂದರೆ ಅರ್ಧ ಪಾಸಿಟಿವ್ ಅಂತ ಇಲ್ಲ. ಸೋಂಕು ಈಗಷ್ಟೇ ಏರುತ್ತಿರಬಹುದು, ಅಥವಾ ಇಳಿಯುತ್ತಿರಬಹುದು. ಲಕ್ಷಣ ಶುರುವಾಗಿ ಒಂದು ದಿನ ಆಗಿದ್ದರೆ ಏರುತ್ತಿದೆ ಅಂತಲೇ ಹಿಡಿಯಿರಿ. ಸಿ ಗೆರೆ ಇಲ್ಲದಿದ್ದರೆ ಟಿ ಇದ್ದರೂ ಇಲ್ಲದಿದ್ದರೂ ಆ ಕಿಟ್ ವ್ಯರ್ಥ, ಹೊಸದು ಬೇಕು.

ನೆಗೆಟಿವ್ ಬಂತು, ಈಗ?

ಮೈಯಲ್ಲಿ ಲಕ್ಷಣ ಇದೆ, ಗೆರೆ ಒಂದೇ ಇದೆ ಅಂದಾಗ ಮೈಯನ್ನು ನಂಬಿ. ಮಾಸ್ಕ್ ಹಾಕಿಕೊಳ್ಳಿ, ಬೇರೆ ಕೋಣೆ ಇದ್ದರೆ ಅಲ್ಲಿ ಮಲಗಿ, ಇಲ್ಲದಿದ್ದರೆ ಕಿಟಕಿ ತೆಗೆದಿಡಿ. ವಯಸ್ಸಾದವರು, ಬಸುರಿಯರು, ಸಣ್ಣ ಮಕ್ಕಳು, ಕ್ಯಾನ್ಸರ್ ಔಷಧಿ ತಗೊಳ್ಳುತ್ತಿರುವವರು ಇರುವ ಮನೆಗೆ ಎರಡನೇ ಟೆಸ್ಟ್ ಆಗುವ ತನಕ ಹೋಗಬೇಡಿ. ಎರಡನೆಯದೂ ನೆಗೆಟಿವ್, ಆದರೂ ಜ್ವರ ಬಿಟ್ಟಿಲ್ಲ ಅಂದರೆ ಡಾಕ್ಟರ್ ಹತ್ತಿರ ಹೋಗಿ, ಬೇಕಾದರೆ ಪಿಸಿಆರ್ ಮಾಡಿಸುತ್ತಾರೆ.

ಇನ್ನೊಂದು ಮಾತು. ನೆಗೆಟಿವ್ ಅಂದರೆ "ವೈರಸ್ ಅಲ್ಲ, ಆಂಟಿಬಯೋಟಿಕ್ ತಗೊಂಡರೆ ಹೋಗುತ್ತೆ" ಅಂತ ಅರ್ಥ ಅಲ್ಲ. ಕೋವಿಡ್ ಕಿಟ್ ನೋಡುವುದು ಕೋವಿಡ್ ಒಂದನ್ನೇ. ಫ್ಲೂ ಇದ್ದರೆ, ಆರ್‌ಎಸ್‌ವಿ ಅನ್ನುವ ಶೀತ-ಕೆಮ್ಮಿನ ವೈರಸ್ ಇದ್ದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಎರಡು ಹಸುಗೂಸುಗಳಿಗೆ ಎಚ್‌ಎಂಪಿವಿ ಅನ್ನುವ ಇನ್ನೊಂದು ಉಸಿರಾಟದ ವೈರಸ್ ಪತ್ತೆಯಾದಾಗ ಎಷ್ಟೋ ಜನ ಮನೆಯಲ್ಲಿದ್ದ ಕೋವಿಡ್ ಕಿಟ್ ತೆಗೆದು ಮಕ್ಕಳಿಗೆ ಮಾಡಿ ಸಮಾಧಾನ ಪಟ್ಟುಕೊಂಡರು, ನನಗೇ ಇಬ್ಬರು ಫೋನ್ ಮಾಡಿದ್ದರು. ಆ ಕಿಟ್‌ನಿಂದ ಎಚ್‌ಎಂಪಿವಿ ಗೊತ್ತಾಗಲು ಸಾಧ್ಯವೇ ಇಲ್ಲ. ಶೀತ ಕೆಮ್ಮಿಗೆ ಅಂಗಡಿಯಲ್ಲಿ ಕೇಳಿ ಅಜಿತ್ರೊಮೈಸಿನ್ ನುಂಗುವ ಅಭ್ಯಾಸ ದಯವಿಟ್ಟು ಬಿಡಿ. ಅದು ವೈರಸ್‌ಗೆ ಏನೂ ಮಾಡುವುದಿಲ್ಲ.

ಫ್ಲೂ ಕಿಟ್ ಕಥೆ

ಕ್ಲಿನಿಕ್‌ಗಳಲ್ಲಿ ಫ್ಲೂಗೂ ಇಂಥದ್ದೇ ರ‍್ಯಾಪಿಡ್ ಕಿಟ್ ಇರುತ್ತದೆ. ಸೋಂಕು ಹಿಡಿಯುವುದರಲ್ಲಿ ಅದು ಕೋವಿಡ್ ಕಿಟ್‌ಗಿಂತ ಸ್ವಲ್ಪ ಹಿಂದೆಯೇ. 159 ಅಧ್ಯಯನಗಳನ್ನು ಒಟ್ಟುಹಾಕಿ 2012ರಲ್ಲಿ ಬಂದ ಒಂದು ವಿಶ್ಲೇಷಣೆಯಲ್ಲಿ ಅವುಗಳ ಸೆನ್ಸಿಟಿವಿಟಿ ಶೇ. 62 ಇತ್ತು, ಸ್ಪೆಸಿಫಿಸಿಟಿ ಶೇ. 98. ದೊಡ್ಡವರಲ್ಲಿ ಶೇ. 54, ಮಕ್ಕಳಲ್ಲಿ ಶೇ. 67. ಮಕ್ಕಳ ಮೂಗಿನಲ್ಲಿ ವೈರಸ್ ಜಾಸ್ತಿ ಇರುತ್ತದೆ, ಜಾಸ್ತಿ ದಿನ ಇರುತ್ತದೆ, ಅದಕ್ಕೆ ಈ ವ್ಯತ್ಯಾಸ. ಅಮೆರಿಕದಲ್ಲಿ 2017ರಲ್ಲಿ ನಿಯಮ ಬಿಗಿ ಮಾಡಿದ ಮೇಲೆ ಕಿಟ್‌ಗಳು ಸುಧಾರಿಸಿವೆ, ಆದರೂ ಫ್ಲೂ ನೆಗೆಟಿವ್ ಬಂದಾಗಲೂ ಮೇಲೆ ಹೇಳಿದ ಎಚ್ಚರಿಕೆಯೇ.

ಇಲ್ಲಿ ಸಮಯದ ಒತ್ತಡ ಇನ್ನೂ ಹೆಚ್ಚು. ಫ್ಲೂಗೆ ಕೊಡುವ ಒಸೆಲ್ಟಾಮಿವಿರ್ ಮಾತ್ರೆ ಲಕ್ಷಣ ಶುರುವಾದ 48 ಗಂಟೆಯೊಳಗೆ ಶುರು ಮಾಡಿದರೆ ಹೆಚ್ಚು ಉಪಯೋಗ. ಅಪ್ಪನಿಗೆ ಹೃದಯದ ತೊಂದರೆ ಇದೆ, ಊರಲ್ಲಿ ಎಚ್‌1ಎನ್‌1 (ಒಂದು ಬಗೆಯ ಫ್ಲೂ) ಓಡಾಡುತ್ತಿದೆ, ಇದ್ದಕ್ಕಿದ್ದ ಹಾಗೆ ಜೋರು ಜ್ವರ, ಮೈ ಕೈ ಮುರಿಯುವ ನೋವು ಶುರುವಾಯಿತು ಅಂದರೆ ರ‍್ಯಾಪಿಡ್ ನೆಗೆಟಿವ್ ಬಂತು ಅಂತ ಮೂರು ದಿನ ಕಾಯಬೇಡಿ. ಅಂಥವರಿಗೆ ಟೆಸ್ಟ್‌ನ ಉತ್ತರಕ್ಕೆ ಕಾಯದೆ ಡಾಕ್ಟರ್ ಔಷಧಿ ಶುರು ಮಾಡಬಹುದು. ಮಾತ್ರೆ ನೀವೇ ತಂದು ನುಂಗಬೇಡಿ, ಆದರೆ "ಇದು ಫ್ಲೂ ಇರಬಹುದಾ ಡಾಕ್ಟ್ರೇ, ನಿನ್ನೆ ಮಧ್ಯಾಹ್ನ ಶುರುವಾಗಿದ್ದು" ಅಂತ ಗಂಟೆ ಸಮೇತ ಹೇಳಿ. ಆ ಒಂದು ವಾಕ್ಯ ತುಂಬಾ ಸಹಾಯ ಮಾಡುತ್ತದೆ.

ಕಿಟ್ ಏನೇ ಹೇಳಲಿ, ಕೆಲವಕ್ಕೆ ಕಾಯಬಾರದು. ಉಸಿರಾಡಲು ಕಷ್ಟ, ಎದೆ ಬಿಗಿತ, ಮಾತು ತಡವರಿಸುವುದು, ಕೂತು ವಿಶ್ರಾಂತಿಯಲ್ಲಿದ್ದರೂ ಆಕ್ಸಿಮೀಟರ್ 94ಕ್ಕಿಂತ ಕೆಳಗೆ. ಮಗುವಾದರೆ ಜೋರಾಗಿ ಉಸಿರು ಎಳೆಯುವುದು, ಉಸಿರಿಗೊಮ್ಮೆ ಪಕ್ಕೆಲುಬಿನ ಕೆಳಗೆ ಗುಳಿ ಬೀಳುವುದು, ಹಾಲು ಕುಡಿಯದಿರುವುದು, ಎಬ್ಬಿಸಿದರೂ ಏಳದಷ್ಟು ಮಂಕಾಗಿರುವುದು. ಇಂಥ ಹೊತ್ತಲ್ಲಿ ಕಡ್ಡಿ ಪಕ್ಕಕ್ಕಿಟ್ಟು 108ಕ್ಕೆ ಫೋನ್ ಮಾಡಿ.

ಹುಷಾರಾಗುತ್ತಿದ್ದೀನಿ, ಯಾವಾಗ ಹೊರಗೆ ಹೋಗಬಹುದು?

ಇಲ್ಲಿ ರ‍್ಯಾಪಿಡ್ ಟೆಸ್ಟ್ ಪಿಸಿಆರ್‌ಗಿಂತ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಪಿಸಿಆರ್ ಸತ್ತ ವೈರಸ್‌ನ ಚೂರನ್ನೂ ಹಿಡಿಯುವುದರಿಂದ ಕೆಲವರಿಗೆ ವಾರಗಟ್ಟಲೆ ಪಾಸಿಟಿವ್ ಬರುತ್ತಲೇ ಇರುತ್ತದೆ, ಆಗ ಇನ್ನೊಬ್ಬರಿಗೆ ಹರಡುತ್ತಾರೆ ಅಂತೇನಿಲ್ಲ. ರ‍್ಯಾಪಿಡ್‌ಗೆ ವೈರಸ್ ಜಾಸ್ತಿ ಇದ್ದರಷ್ಟೇ ಗೊತ್ತಾಗುವುದಲ್ವಾ, ಹಾಗಾಗಿ ಆರನೇ ದಿನವೂ ಗೆರೆ ಗಾಢವಾಗಿ ಬರುತ್ತಿದ್ದರೆ ಇನ್ನೂ ಹರಡುವ ಸಾಧ್ಯತೆ ಇದೆ ಅಂತ ತಿಳಿಯಿರಿ. ಜ್ವರ ಬಿಟ್ಟು, ಎರಡು ದಿನದ ಅಂತರದಲ್ಲಿ ಎರಡು ನೆಗೆಟಿವ್ ಬಂದರೆ ಅಜ್ಜಿ ಪಕ್ಕ ಕೂರಲು ಧೈರ್ಯ ಬರುತ್ತದೆ. ಸೋಂಕು ಇಳಿಯುವಾಗ ಬರುವ ನೆಗೆಟಿವ್‌ಗೂ ಏರುವಾಗ ಬರುವ ನೆಗೆಟಿವ್‌ಗೂ ಇರುವ ವ್ಯತ್ಯಾಸ ಇದೇ.

ಬಳಸಿದ ಕಡ್ಡಿ, ಟ್ಯೂಬ್, ಡಬ್ಬಿ ಎಲ್ಲವನ್ನೂ ಕಿಟ್ ಜೊತೆ ಬಂದ ಚೀಲಕ್ಕೆ ಹಾಕಿ ಬಿಗಿಯಾಗಿ ಕಟ್ಟಿ. ಹಸಿ ಕಸಕ್ಕೂ ಒಣ ಕಸಕ್ಕೂ ಸೇರಿಸಬೇಡಿ, ಡೈಪರ್, ಪ್ಯಾಡ್ ಕೊಡುವ ಹಾಗೆ ಕಾಗದದಲ್ಲಿ ಸುತ್ತಿ ಮೇಲೆ ಕೆಂಪು ಗುರುತು ಹಾಕಿ ಬೇರೆಯಾಗಿ ಕೊಡಿ. ಬೆಳಿಗ್ಗೆ ಕಸದ ಗಾಡಿಯವರು ಅದನ್ನು ಬರಿಗೈಯಲ್ಲಿ ಬಿಚ್ಚಿ ಬೇರ್ಪಡಿಸುವ ಹಾಗೆ ಆಗಬಾರದು.